ಮಾಲ್ಟಾದಲ್ಲಿ ಚಿಕೋರಿ ಕಾಫಿ ಹುಡುಕಿಕೊಂಡು

ಕಾಫಿಗೆ ಚಿಕೋರಿ ಹಾಕಬೇಕೋ ಬೇಡವೋ ಅನ್ನೋ ಜಗಳ ನಮ್ಮ ಕಡೆ ಇವತ್ತಿಗೂ ಮುಗಿದಿಲ್ಲ. ತೋಟ ಇರುವವರು ಬಹಳ ಜನ ‘ಬೇಡವೇ ಬೇಡ, ಬೀಜದ ರುಚಿ ಹಾಳಾಗುತ್ತೆ’ ಅನ್ನುತ್ತಾರೆ. ನಾನು ಸಕಲೇಶಪುರದ ಕಡೆಯವಳಾದರೂ ಚಿಕೋರಿ ಪಕ್ಷ. ಮನೆಯಲ್ಲಿ 80-20 ಪುಡಿ, ಅಂದರೆ ಎಂಬತ್ತು ಪಾಲು ಕಾಫಿಗೆ ಇಪ್ಪತ್ತು ಪಾಲು ಚಿಕೋರಿ. ಡಿಕಾಕ್ಷನ್ ಕಪ್ಪಗೆ, ಮಂದವಾಗಿ ಇಳಿಯಬೇಕು. ಹಾಲು ಬಿದ್ದಾಗ ಬಣ್ಣ ತಿರುಗಬೇಕು. ಕುಡಿದು ಲೋಟ ಇಟ್ಟ ಮೇಲೂ ನಾಲಗೆಯಲ್ಲಿ ಸ್ವಲ್ಪ ಕಹಿ ನಿಂತಿರಬೇಕು.

ನನ್ನ ತಂಗಿಯ ಮಗಳು ಪುಟ್ಟಿ ಮಾಲ್ಟಾದಲ್ಲಿ ನರ್ಸ್. ಅಲ್ಲಿನ ಆಸ್ಪತ್ರೆಗಳಲ್ಲಿ ಭಾರತದ ನರ್ಸುಗಳು ತುಂಬಾ ಜನ ಇದ್ದಾರೆ, ಅದರಲ್ಲೂ ಕೇರಳದವರು. ಒಂದು ದಿನ ಫೋನಿನಲ್ಲಿ ಹೇಳಿದಳು, “ದೊಡ್ಡಮ್ಮ, ಇಲ್ಲೂ ಚಿಕೋರಿ ಕಾಫಿ ಇದೆಯಂತೆ. ಲವಂಗ ಬೇರೆ ಹಾಕ್ತಾರಂತೆ. ವಾರ್ಡಲ್ಲಿದ್ದ ಅಜ್ಜಿಯೊಬ್ಬರು ದಿನಾ ಅದನ್ನೇ ನೆನೆಸ್ಕೊಳ್ತಿದ್ರು. ನಾನಂತೂ ಎಲ್ಲೂ ನೋಡಿಲ್ಲ.”

ಅವಳನ್ನು ನೋಡಲು ಹೋಗಬೇಕು ಅಂತ ಹೇಗೂ ಅಂದುಕೊಂಡಿದ್ದೆವು. ಈಗ ಇನ್ನೊಂದು ಕಾರಣವೂ ಸಿಕ್ಕಿತು. ನವೆಂಬರಿನಲ್ಲಿ ನಾನೂ ಇವರೂ ಹೊರಟೆವು.

ಮಾಲ್ಟಾ ಅಂದರೆ ಸಿಸಿಲಿಯ ಕೆಳಗೆ, ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ಪುಟ್ಟ ದೇಶ. ಒಟ್ಟು 316 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. ಜನ ಐದು ಲಕ್ಷದ ಮೇಲೆ. ಜನವಸತಿ ಇರುವುದು ಮಾಲ್ಟಾ, ಗೋಜೊ, ಮತ್ತೆ ಬೆರಳೆಣಿಕೆ ಜನರ ಕೊಮಿನೊ ದ್ವೀಪಗಳಲ್ಲಿ. ಬ್ರಿಟಿಷರು 1800ರಿಂದ 1964ರವರೆಗೆ ಆಳಿದ್ದರಿಂದ ಗಾಡಿಗಳು ನಮ್ಮಂತೆ ಎಡಗಡೆಯೇ ಓಡುತ್ತವೆ, ಇಂಗ್ಲಿಷ್ ಎಲ್ಲರಿಗೂ ಬರುತ್ತದೆ. ಬುಧವಾರ ರಾತ್ರಿ ಇಳಿದೆವು. ವಿಮಾನ ನಿಲ್ದಾಣದಿಂದ ಅವಳ ಮನೆಗೆ ಬರುವಷ್ಟರಲ್ಲಿ ಅರ್ಧ ದೇಶ ದಾಟಿದಂತಾಗಿತ್ತು. ಊಟ ಮಾಡಿ ಮಲಗಿದೆವು.

ಗುರುವಾರ, ವಲೆಟ್ಟಾ

ಬಸ್ಸುಗಳೆಲ್ಲ ಬಂದು ಸೇರುವುದು ರಾಜಧಾನಿ ವಲೆಟ್ಟಾದ ಕೋಟೆ ಬಾಗಿಲಿನ ಹೊರಗೆ, ಟ್ರೈಟನ್ ಕಾರಂಜಿಯ ಸುತ್ತ. ಅಲ್ಲೇ ಒಂದು ಗೂಡಂಗಡಿಯಲ್ಲಿ ಎಣ್ಣೆ ಕಾದ ವಾಸನೆ ಬಂತು. ಖರ್ಜೂರದ ಹೂರಣ ತುಂಬಿ ಕರಿದ ಇಮ್ಕಾರೆಟ್ ಅನ್ನೋ ತಿಂಡಿ. ಬಿಸಿಬಿಸಿಯಾಗಿ ಕಾಗದದಲ್ಲಿ ಕೊಟ್ಟರು. ಕಚ್ಚಿದರೆ ಖರ್ಜೂರದ ಜೊತೆಗೆ ಸೋಂಪಿನ ಜಾತಿಯ ಆನಿಸ್ ಬೀಜದ ಪರಿಮಳ. ಇದನ್ನು ನೆನಪಿಟ್ಟುಕೊಂಡೆ. ಈ ಊರಿನವರು ಸಿಹಿಗೆ ಆನಿಸ್ ಹಾಕುತ್ತಾರೆ ಅಂದಮೇಲೆ ಕಾಫಿಗೂ ಹಾಕಿಯಾರು.

ವಲೆಟ್ಟಾ ಕಟ್ಟಲು ಶುರುಮಾಡಿದ್ದು 1566ರಲ್ಲಿ. ಅದರ ಹಿಂದಿನ ವರ್ಷ ತುರ್ಕಿಯ ಆಟೊಮನ್ ಸೈನ್ಯ ತಿಂಗಳುಗಟ್ಟಲೆ ದ್ವೀಪಕ್ಕೆ ಮುತ್ತಿಗೆ ಹಾಕಿ ಸೋತು ಹೋಗಿತ್ತು. ದ್ವೀಪ ಆಗ ಸಂತ ಜಾನ್ ಪಂಥದ ನೈಟ್‌ಗಳ, ಅಂದರೆ ಕ್ರೈಸ್ತ ಧರ್ಮಯೋಧರ ಕೈಯಲ್ಲಿತ್ತು. ಅವರ ಮುಖಂಡ ಲ ವ್ಯಾಲೆಟ್‌ನ ಹೆಸರನ್ನೇ ಊರಿಗೆ ಇಟ್ಟರು. ಬೀದಿಗಳು ಗೆರೆ ಎಳೆದ ಹಾಗೆ ನೇರ. ಯಾವ ಅಡ್ಡಬೀದಿಯಲ್ಲಿ ನೋಡಿದರೂ ಕೊನೆಯಲ್ಲಿ ನೀಲಿ ಸಮುದ್ರ ಕಾಣುತ್ತದೆ. ಜೇನುಬಣ್ಣದ ಸುಣ್ಣಕಲ್ಲಿನ ಮನೆಗಳು, ಮುಂದಕ್ಕೆ ಚಾಚಿದ ಬಣ್ಣಬಣ್ಣದ ಮರದ ಬಾಲ್ಕನಿಗಳು. ಸಂತ ಜಾನ್ ಕೆಥೆಡ್ರಲ್ಲಿನಲ್ಲಿ ಕಾರವಾಜ್ಜಿಯೊ 1608ರಲ್ಲಿ ಬರೆದ ದೊಡ್ಡ ಚಿತ್ರ ಇದೆ. ಅದರ ಮುಂದೆ ಇವರು ಕುರ್ಚಿ ಬಿಟ್ಟು ಏಳಲೇ ಇಲ್ಲ.

ನನ್ನ ಕಣ್ಣು ಮಾತ್ರ ಕಾಫಿ ಹೋಟೆಲುಗಳ ಮೇಲೆ. ಒಂದು ಚೌಕದಲ್ಲಿ ಕೂತು ‘ಮಾಲ್ಟಾದ ಕಾಫಿ ಕೊಡಿ’ ಅಂದೆ. ಆರ್ಡರ್ ತೆಗೆದುಕೊಳ್ಳಲು ಬಂದ ಹುಡುಗ ನೇಪಾಳದವನು. ಪಾಪ, ಎಸ್ಪ್ರೆಸ್ಸೊ, ಕಪುಚಿನೊ, ಲಾಟೆ ಎಲ್ಲಾ ಹೇಳಿದ. ಲವಂಗ ಹಾಕಿದ ಕಾಫಿ ಅಂದಾಗ ಒಳಗೆ ಹೋಗಿ ಕೇಳಿಕೊಂಡು ಬಂದು ಇಲ್ಲ ಅಂದ. ಪಕ್ಕದ ಬೀದಿಯಲ್ಲೂ ಇದೇ ಉತ್ತರ. ಇಟಲಿ ಹತ್ತಿರ ಇರುವುದರಿಂದ ಎಲ್ಲ ಕಡೆ ಇಟಲಿಯ ಮಷಿನ್, ಇಟಲಿಯ ಪುಡಿ. ಕೊನೆಗೆ ಎಸ್ಪ್ರೆಸ್ಸೊನೇ ತರಿಸಿಕೊಂಡೆ. ನಮ್ಮ ದೇಶದ ಕಾಫಿ ಬೀಜಕ್ಕೆ ದೊಡ್ಡ ಗಿರಾಕಿ ಇಟಲಿಯೇ. ಅಲ್ಲಿನ ಎಸ್ಪ್ರೆಸ್ಸೊ ಪುಡಿಗೆ ನಮ್ಮ ರೊಬಸ್ಟಾ ಸೇರುತ್ತದೆ. ಆ ಪುಟ್ಟ ಕಪ್ಪಿನಲ್ಲಿ ನಮ್ಮ ಗುಡ್ಡದ ಬೀಜವೂ ಇದ್ದಿರಬಹುದು ಅಂತ ಗೌರವದಿಂದಲೇ ಕುಡಿದೆ.

ಮಾಲ್ಟಾಕ್ಕೆ ಕಾಫಿ ಬಂದಿದ್ದು ಇಟಲಿಯಿಂದ ಅಲ್ಲ. ಇಲ್ಲಿ ಕಾಫಿ ಕಾಸಿ ಮಾರುತ್ತಿದ್ದವರು ನೈಟ್‌ಗಳು ಸಮುದ್ರದಲ್ಲಿ ಸೆರೆಹಿಡಿದು ತಂದ ತುರ್ಕಿ ಕೈದಿಗಳು. ಅವರು ಕಾಫಿ ಮಾಡಿ ನಾಲ್ಕು ಕಾಸು ಗಳಿಸುವುದನ್ನು 1663ರಲ್ಲೇ ಒಬ್ಬ ಜರ್ಮನ್ ಪ್ರವಾಸಿ ಬರೆದಿಟ್ಟಿದ್ದಾನೆ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಅಂತ ನಮ್ಮಲ್ಲಿ ಹೇಳುವುದೂ ಅದೇ ಶತಮಾನದ ಮಾತು. ಕಾಫಿ ಅರಬ್ಬರ ನಾಡಿನಿಂದ ಒಂದು ದಾರಿ ಹಿಡಿದು ನಮ್ಮ ಕಡೆ ಬಂತು, ಇನ್ನೊಂದು ದಾರಿ ಹಿಡಿದು ತುರ್ಕಿಯ ಮೂಲಕ ಈ ಬಂಡೆಯ ದ್ವೀಪಕ್ಕೆ ಬಂತು. ಎರಡೂ ಕಡೆ ಮುಂದೆ ಅದಕ್ಕೆ ಚಿಕೋರಿ ಸೇರಿಕೊಂಡಿತು ಅನ್ನುವುದು ನನಗೆ ತುಂಬಾ ಖುಷಿ ಕೊಡುವ ವಿಷಯ.

ಮಧ್ಯಾಹ್ನ ಮರ್ಚೆಂಟ್ಸ್ ಸ್ಟ್ರೀಟಿನಲ್ಲಿ ಪುಟ್ಟಿ ಒಂದು ಹಳೇ ಕಟ್ಟಡದ ಮುಂದೆ ನಿಲ್ಲಿಸಿದಳು. ನೈಟ್‌ಗಳ ಕಾಲದ ಕೋರ್ಟು, ಕಾಸ್ಟೆಲ್ಲಾನಿಯಾ. ಈಗ ಆರೋಗ್ಯ ಸಚಿವಾಲಯ.

“ದೊಡ್ಡಮ್ಮ, ನರ್ಸಿಂಗ್‌ನಲ್ಲಿ ನಮಗೆ ಮಾಲ್ಟಾ ಜ್ವರ ಅಂತ ಪಾಠ ಇತ್ತು. ಆ ಜ್ವರ ಎಲ್ಲಿಂದ ಬರುತ್ತೆ ಅಂತ ಕಂಡುಹಿಡಿದಿದ್ದು ಈ ಕಟ್ಟಡದಲ್ಲೇ.”

“ಎಲ್ಲಿಂದ ಬರುತ್ತಂತೆ?”

“ಹಾಲಿಂದ.”

ಹಾಲಿನ ವಿಷಯ ಅಂದಮೇಲೆ ನಾನು ಕೇಳದೆ ಬಿಡುತ್ತೇನೆಯೇ? ಬೀದಿಯಲ್ಲೇ ನಿಂತು ಪೂರ್ತಿ ಕಥೆ ಕೇಳಿದೆ. ಮಾಲ್ಟಾದಲ್ಲಿ ಹುಲ್ಲುಗಾವಲು ಇಲ್ಲ, ಹಾಗಾಗಿ ಹಸುಗಳು ಕಡಿಮೆ. ಆಡುಗಳೇ ಎಲ್ಲ. ಆಡಿನ ಮಂದೆಯನ್ನು ಬೀದಿಬೀದಿಗೆ ಹೊಡೆದುಕೊಂಡು ಬಂದು, ಮನೆ ಬಾಗಿಲಲ್ಲೇ ಕರೆದು ಕೊಡುತ್ತಿದ್ದರು. ಕಣ್ಣೆದುರೇ ಕರೆದ ಹಾಲು, ಅದರಲ್ಲಿ ಮೋಸ ಇಲ್ಲ ಅನ್ನೋ ನಂಬಿಕೆ. ಆದರೆ ವಾರಗಟ್ಟಲೆ ಏರಿ ಇಳಿಯುವ ಒಂದು ಜ್ವರ ದ್ವೀಪದ ಜನರನ್ನೂ ಬ್ರಿಟಿಷ್ ಸೈನಿಕರನ್ನೂ ಹಣ್ಣುಮಾಡುತ್ತಿತ್ತು. ಡೇವಿಡ್ ಬ್ರೂಸ್ ಅನ್ನೋ ಸೇನಾ ವೈದ್ಯ 1887ರಲ್ಲಿ ಅದರ ರೋಗಾಣು ಹಿಡಿದ. ಅದು ಮೈಗೆ ಬರುವ ದಾರಿ ಮಾತ್ರ ಗೊತ್ತಾಗಲಿಲ್ಲ. 1905ರಲ್ಲಿ ಮಾಲ್ಟಾದವರೇ ಆದ ಡಾಕ್ಟರ್ ತೆಮಿಸ್ಟೋಕ್ಲೆಸ್ ಝಮ್ಮಿತ್ ಆಡುಗಳ ರಕ್ತ ಪರೀಕ್ಷಿಸಿದರು. ನೋಡಲು ಗಟ್ಟಿಮುಟ್ಟಾಗಿದ್ದ ಆಡುಗಳಲ್ಲೇ ರೋಗಾಣು ಇತ್ತು. ಮರುವರ್ಷ ಸೈನಿಕರಿಗೆ ಆಡಿನ ಹಾಲು ನಿಲ್ಲಿಸಿದರು, ಜ್ವರ ಬೇಗನೆ ಇಳಿಯಿತು. ಊರಿನ ಜನ ಮಾತ್ರ ಇನ್ನೂ ಬಹಳ ವರ್ಷ ಬಾಗಿಲಿನ ಹಾಲನ್ನೇ ಕುಡಿದರು. ಸರ್ಕಾರ ಹಾಲನ್ನು ಕಾಸಿ ಶುದ್ಧ ಮಾಡಿ ಬಾಟಲಿಯಲ್ಲಿ ಕೊಡಲು ಶುರುಮಾಡಿದ್ದು 1938ರಲ್ಲಿ.

ನಾವು ಕಾಫಿ ಅಂದರೆ ಮೊದಲು ಹಾಲು ಕಾಸುತ್ತೇವೆ. ಹಾಲಿಗೇ ಹೆದರಿ ಬದುಕಿದ ಊರಿನ ಕಾಫಿ ಹೇಗಿರಬಹುದು ಅನ್ನೋ ಯೋಚನೆ ನನಗೆ ಹತ್ತಿದ್ದು ಆಗಲೇ.

ಶುಕ್ರವಾರ, ಬಿರ್ಗು

ವಲೆಟ್ಟಾದ ಎದುರಿಗೆ, ಬಂದರಿನ ಆಚೆ ದಡದಲ್ಲಿ ಬಿರ್ಗು. ನೈಟ್‌ಗಳು 1530ರಲ್ಲಿ ಬಂದಾಗ ಮೊದಲು ನೆಲೆನಿಂತ ಊರು. ಅಪ್ಪರ್ ಬರಾಕ್ಕಾ ತೋಟದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಹಾರಿಸುವ ತೋಪು ನೋಡಿ, ಲಿಫ್ಟಿನಲ್ಲಿ ಕೆಳಗಿಳಿದು, ದೋಣಿ ಹತ್ತಿದೆವು. ಬಣ್ಣ ಬಳಿದ ಚಿಕ್ಕ ದೋಣಿ, ಹತ್ತು ನಿಮಿಷದೊಳಗೆ ಆಚೆ ದಡ. ಎರಡೂ ಕಡೆ ಕೋಟೆ ಗೋಡೆಗಳು ನೀರಿನಿಂದಲೇ ಎದ್ದು ನಿಂತಿವೆ.

ಪುಟ್ಟಿಗೆ ಡ್ಯೂಟಿ ಇತ್ತು, ಬಂದಿರಲಿಲ್ಲ. ಬೆಳಿಗ್ಗೆಯೇ ಹೇಳಿಕೊಟ್ಟಿದ್ದಳು, “ಪ್ರವಾಸಿಗಳು ಕೂರೋ ಕಡೆ ಹೋಗ್ಬೇಡಿ. ಬ್ಯಾಂಡ್ ಕ್ಲಬ್ ಎಲ್ಲಿದೆ ಅಂತ ಕೇಳಿ.”

ಮಾಲ್ಟಾದಲ್ಲಿ ಒಂದೊಂದು ಊರಿಗೂ ಒಬ್ಬ ಸಂತ. ಸಂತನ ಜಾತ್ರೆಗೆ ವಾದ್ಯ ನುಡಿಸುವ ತಂಡ. ತಂಡಕ್ಕೊಂದು ಕ್ಲಬ್ಬು, ಕ್ಲಬ್ಬಿನ ಕೆಳಗಡೆ ಚಹಾ-ತಿಂಡಿಯ ಅಂಗಡಿ. ಯಾರು ಬೇಕಾದರೂ ಒಳಗೆ ಹೋಗಬಹುದು. ನಾವು ಹೋದ ಕಡೆ ಗೋಡೆ ತುಂಬಾ ಹಳೇ ಬ್ಯಾಂಡ್ ಮಾಸ್ತರರ ಫೋಟೊಗಳು, ಗಾಜಿನ ಬೀರುವಿನಲ್ಲಿ ಬಹುಮಾನದ ಕಪ್ಪುಗಳು. ಮೂಲೆಯಲ್ಲಿ ವಯಸ್ಸಾದ ಗಂಡಸರು ಇಸ್ಪೀಟು ಆಡುತ್ತಿದ್ದರು. ಅವರ ಮುಂದೆ ಇದ್ದದ್ದು ಕಪ್ಪು-ಸಾಸರ್ ಅಲ್ಲ, ಗಾಜಿನ ಲೋಟ. ಒಳಗೆ ಇಟ್ಟಿಗೆ ಬಣ್ಣದ ಚಹಾ.

‘ತೆ ಫಿತ್-ತತ್ಸಾ’ ಅಂತ ಅದರ ಹೆಸರು. ಲೋಟದ ಚಹಾ. ಕೌಂಟರಿನ ಹಿಂದಿದ್ದ ಹೆಂಗಸು ಮಾಡುವುದನ್ನು ನಿಂತು ನೋಡಿದೆ. ಕುದಿಯುವ ನೀರಿನ ದೊಡ್ಡ ಹಂಡೆ ಒಂದು ಕಡೆ. ಗಟ್ಟಿ ಚಹಾ ಲೋಟದ ಮುಕ್ಕಾಲಿಗೆ ಸುರಿದರು. ಪಕ್ಕದಲ್ಲಿ ಹಾಲಿನ ಡಬ್ಬಿ. ಮುಚ್ಚಳ ತೆಗೆದಿಲ್ಲ, ಎದುರುಬದುರಾಗಿ ಎರಡು ತೂತು ಹೊಡೆದಿದ್ದಾರೆ. ಡಬ್ಬಿ ಬಗ್ಗಿಸಿದರೆ ಒಂದು ತೂತಿನಿಂದ ಗಾಳಿ ಒಳಗೆ, ಇನ್ನೊಂದರಿಂದ ಹಾಲು ಎಳೆಯಾಗಿ ಹೊರಗೆ. ಬತ್ತಿಸಿದ ಹಾಲು, ಕೆನೆಬಣ್ಣದ್ದು. ಅದು ಚಹಾದ ತಳಕ್ಕಿಳಿದು ನಿಧಾನವಾಗಿ ಮೇಲೇಳುತ್ತಾ ಬಣ್ಣ ತಿರುಗಿಸಿತು. ಸಕ್ಕರೆ ಎರಡು ಚಮಚ, ಕೇಳದೇ ಹಾಕಿದರು. ಲೋಟದ ಬುಡ ಕೆಂಡದಂತೆ ಸುಡುತ್ತಿತ್ತು. ಮೇಲಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಕುಡಿದೆವು, ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಹಿಡಿಯುವ ಹಾಗೆಯೇ.

ರುಚಿ? ಒಗರು ಇದೆ, ಹಾಲು ಬತ್ತಿದ ಸಣ್ಣ ಸುಟ್ಟ ಸಿಹಿ ಇದೆ. ಯುರೋಪಿನಲ್ಲಿ ಇಂಥ ಚಹಾ ಸಿಗುತ್ತದೆ ಅಂತ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಚಹಾ ಕಲಿಸಿದ್ದು ಬ್ರಿಟಿಷರು. ಡಬ್ಬಿ ಹಾಲು ಯಾಕೆ ಅಂತ ನಾನು ಕೇಳಬೇಕಾಗಲೇ ಇಲ್ಲ. ನಿನ್ನೆ ಬೀದಿಯಲ್ಲಿ ಕೇಳಿದ ಕಥೆ ಈ ಲೋಟದಲ್ಲೇ ಇತ್ತು. ಹಸುವಿಲ್ಲದ, ಆಡಿನ ಹಾಲಿಗೆ ಹೆದರಿದ, ಬಿಸಿಲಿನ ಊರಿಗೆ ಕೆಡದ ಹಾಲು ಅಂದರೆ ಡಬ್ಬಿಯದ್ದೇ. ಈಗ ಅಂಗಡಿಗಳಲ್ಲಿ ತಾಜಾ ಹಾಲು ಬೇಕಾದಷ್ಟಿದೆ. ಆದರೂ ಈ ಚಹಾಕ್ಕೆ ಡಬ್ಬಿಯೇ ಆಗಬೇಕು ಅಂತ ಇಸ್ಪೀಟಿನ ಮೇಜಿನವರು ಒಟ್ಟಾಗಿ ಹೇಳಿದರು.

ಅವರಲ್ಲೇ ಒಬ್ಬರನ್ನು ಚಿಕೋರಿ ಕಾಫಿಯ ಬಗ್ಗೆ ಕೇಳಿದೆ. ಎಂಬತ್ತು ದಾಟಿದ ಹಿರಿಯರು, ಹಡಗುಕಟ್ಟೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎಲೆಗಳನ್ನು ಮೇಜಿನ ಮೇಲೆ ಮಗುಚಿ ಇಟ್ಟರು.

“ಕಫೆ ಮ್ಸಯ್ಯರ್! ನಮ್ಮಮ್ಮ ಮಾಡ್ತಿದ್ರು. ಮನೆ ಪೂರ್ತಿ ಲವಂಗದ ವಾಸನೆ. ಅದನ್ನ ಅಂಗಡೀಲಿ ಯಾಕೆ ಹುಡುಕ್ತೀರಮ್ಮ? ಅದು ಒಲೆ ಮೇಲೆ ಕುದಿಬೇಕು. ಅಷ್ಟು ಹೊತ್ತು ಕಾಯೋ ಗಿರಾಕಿ ಎಲ್ಲಿದ್ದಾರೆ?”

ಗೋಜೊಗೆ ಹೋಗಿ, ಅಲ್ಲಿ ಮನೆಗಳಲ್ಲಿ ಇನ್ನೂ ಮಾಡುತ್ತಾರೆ ಅಂದರು. ಸಂಜೆ ಪುಟ್ಟಿಗೆ ಹೇಳಿದೆ. ಅವಳ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ಗೋಜೊದವಳಂತೆ. ರಾತ್ರಿಯೇ ಫೋನ್ ಮಾಡಿದಳು. ಆ ಹುಡುಗಿಯ ತಾಯಿ ಸೋಮವಾರ ಬರಲು ಹೇಳಿದರು.

ಶನಿವಾರ, ಇಮ್ದೀನಾ ಮತ್ತು ರಬಾತ್

ಇಮ್ದೀನಾ ಹಳೇ ರಾಜಧಾನಿ. ಗುಡ್ಡದ ಮೇಲೆ ಕೋಟೆಯೊಳಗಿನ ಪುಟ್ಟ ಊರು. ಒಳಗಿನ ಕೆಲವೇ ಮನೆಯವರ ಗಾಡಿ ಬಿಟ್ಟರೆ ವಾಹನ ಇಲ್ಲ. ಚೆಂದ ಇದೆ, ಗೋಡೆಯ ಮೇಲೆ ನಿಂತರೆ ಅರ್ಧ ದ್ವೀಪ ಕಾಣುತ್ತದೆ. ಒಂದು ಗಂಟೆ ಸುತ್ತಾಡಿದರೆ ಸಾಕು.

ಇವರಿಗೆ ಬಾಯಾರಿಕೆ. ಮಾಲ್ಟಾದ ಹೆಮ್ಮೆಯ ಪಾನೀಯ ಕಿನ್ನಿ ಕೊಂಡರು. ಫಾರ್ಸನ್ಸ್ ಬ್ರೂವರಿಯವರು 1952ರಿಂದ ಮಾಡುತ್ತಿರುವ ಗ್ಯಾಸ್ ಪಾನೀಯ. ಕಹಿ ಕಿತ್ತಳೆ ಮತ್ತು ಗಿಡಮೂಲಿಕೆಗಳ ರಸ. ಕೋಲಾದಂತೆ ಕಾಣುತ್ತದೆ, ಬಾಯಿಗೆ ಹಾಕಿದರೆ ಮೊದಲು ಸಿಹಿ, ಆಮೇಲೆ ಕಿತ್ತಳೆ ಸಿಪ್ಪೆಯ ಕಹಿ. ಇವರಿಗೆ ಎಷ್ಟು ಹಿಡಿಸಿತೆಂದರೆ ಆಮೇಲೆ ದಿನಾ ಅದೇ. ಕಹಿ ಇಷ್ಟಪಡುವವರ ದೇಶ ಇದು ಅಂತ ನನಗೂ ಧೈರ್ಯ ಬಂತು.

ಇಮ್ದೀನಾದ ಬಾಗಿಲು ದಾಟಿದರೆ ರಬಾತ್. ಅಲ್ಲಿ ಇಸ್-ಸೆರ್ಕಿನ್ ಅನ್ನೋ ಪುಟ್ಟ ಅಂಗಡಿ ಇದೆ, ಕ್ರಿಸ್ಟಲ್ ಪ್ಯಾಲೇಸ್ ಅಂತಲೂ ಹೆಸರು. ಪಸ್ತಿತ್ಸಿಗೆ ಮಾಲ್ಟಾದಲ್ಲೆಲ್ಲ ಹೆಸರುವಾಸಿ. ಒಲೆಯಿಂದ ಟ್ರೇ ಬರುತ್ತಲೇ ಇರುತ್ತದೆ, ಖಾಲಿಯಾಗುತ್ತಲೇ ಇರುತ್ತದೆ. ಪಸ್ತಿತ್ಸಿ ನಮ್ಮ ಪಫ್‌ನಂತೆ ಪದರ ಪದರ. ಎರಡು ಬಗೆ. ರಿಕೊಟ್ಟಾ ಚೀಸಿನದ್ದು ನಡುವೆ ಬಾಯಿ ತೆರೆದಿರುತ್ತದೆ, ಬಟಾಣಿಯದ್ದು ಪಕ್ಕದಲ್ಲಿ ಮಡಚಿರುತ್ತದೆ. ಹೊರಗಿನಿಂದಲೇ ಗೊತ್ತಾಗಲಿ ಅಂತ. ಬಟಾಣಿಯದ್ದರಲ್ಲಿ ಹದವಾದ ಮೆಣಸಿನ ಖಾರ. ಪಕ್ಕದಲ್ಲಿ ಲೋಟದ ಚಹಾ. ಪೊಲೀಸಿನವರು, ಗಾರೆ ಕೆಲಸದವರು, ನಮ್ಮಂಥ ಪ್ರವಾಸಿಗಳು, ಎಲ್ಲರೂ ಒಂದೇ ಮೇಜಿಗೆ ಮೊಣಕೈ ತಾಗಿಸಿ ತಿನ್ನುತ್ತಿದ್ದರು. ನನ್ನ ಕೇಳಿದರೆ ಮಾಲ್ಟಾದಲ್ಲಿ ದೊಡ್ಡ ಹೋಟೆಲಿನ ಊಟ ಬಿಟ್ಟರೂ ಇದನ್ನು ಬಿಡಬಾರದು.

ಭಾನುವಾರ, ಮಾರ್ಸಶ್ಲೋಕ್

ಭಾನುವಾರ ಮೀನುಗಾರರ ಹಳ್ಳಿ ಮಾರ್ಸಶ್ಲೋಕ್‌ನಲ್ಲಿ ಸಂತೆ. ಬಂದರು ತುಂಬಾ ಲುಜ್ಜು ದೋಣಿಗಳು. ನೀಲಿ, ಹಳದಿ, ಕೆಂಪು, ಹಸಿರು ಪಟ್ಟೆ. ಮೂತಿಯ ಎರಡೂ ಕಡೆ ಒಂದೊಂದು ಕಣ್ಣು ಬಿಡಿಸಿರುತ್ತಾರೆ, ಸಮುದ್ರದಲ್ಲಿ ಕಾಯುತ್ತದೆ ಅನ್ನೋ ನಂಬಿಕೆ.

ಮೀನಿನ ಸಾಲು ದಾಟಿದ ಮೇಲೆ ಜೇನು, ಕೇಪರ್ ಉಪ್ಪಿನಕಾಯಿ, ಪಾಪಸುಕಳ್ಳಿ ಹಣ್ಣಿನ ಜಾಮ್ ಇಟ್ಟುಕೊಂಡವರ ಸಾಲು. ಒಬ್ಬ ಹೆಂಗಸಿನ ಮೇಜಿನ ತುದಿಯಲ್ಲಿ ಸಣ್ಣ ಪೊಟ್ಟಣಗಳು. ತಿರುಗಿಸಿ ಓದಿದೆ. ಕಾಫಿ, ಚಿಕೋರಿ, ಲವಂಗ, ಆನಿಸ್. ಮೂಗಿನ ಹತ್ತಿರ ಹಿಡಿದೆ. ಪ್ಯಾಕೆಟ್ ಒಡೆಯದಿದ್ದರೂ ಲವಂಗ ಬಂತು.

“ಫಿಲ್ಟರಿಗೆ ಹಾಕಬಹುದಾ?” ಅಂತ ಕೇಳಿದೆ.

“ಬೇಡ, ಕುದಿಸಿ. ಹಾಲು ಮಾತ್ರ ಹಾಕಬೇಡಿ,” ಅಂದರು.

ಪೊಟ್ಟಣಗಳನ್ನು ಕೊಂಡೆ. ಆದರೂ ತೃಪ್ತಿ ಆಗಲಿಲ್ಲ. ಕೈ ಪಳಗಿದವರು ಮಾಡಿದ್ದನ್ನು ಕುಡಿಯದೆ ನಾನು ಮಾಡಿದರೆ ಅದು ಸರಿಯಾಗಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ?

ಸೋಮವಾರ, ಗೋಜೊ

ಮಾಲ್ಟಾದ ಉತ್ತರ ತುದಿ ಚಿರ್ಕೆವ್ವಾದವರೆಗೆ ಬಸ್ಸು, ಅಲ್ಲಿಂದ ಇಮ್ಜಾರ್‌ಗೆ ಇಪ್ಪತ್ತೈದು ನಿಮಿಷ ಹಡಗು. ಹೋಗುವಾಗ ಟಿಕೆಟ್ ಕೇಳುವುದಿಲ್ಲ, ವಾಪಸ್ ಬರುವಾಗ ಗೋಜೊದಲ್ಲಿ ಎರಡಕ್ಕೂ ಸೇರಿಸಿ ಕೊಡಬೇಕು. ಗೋಜೊ ಹೆಚ್ಚು ಹಸಿರು, ಹೊಲಗಳು ಜಾಸ್ತಿ, ಗಡಿಬಿಡಿ ಕಡಿಮೆ. ನಾವು ಹೋಗಬೇಕಾಗಿದ್ದ ಊರು ಶಾರಾ. ಅಲ್ಲೇ ಜಿಗಾಂತಿಯಾ ಗುಡಿಗಳಿವೆ, ಸುಮಾರು ಕ್ರಿಸ್ತಪೂರ್ವ 3600ರಷ್ಟು ಹಳೆಯವು. ಈಜಿಪ್ಟಿನ ಪಿರಮಿಡ್ಡಿಗಿಂತ ಹಿಂದಿನವು. ಆ ಬಂಡೆಗಳನ್ನು ನೋಡಿಕೊಂಡು ಆ ತಾಯಿಯ ಮನೆಗೆ ಹೋದೆವು.

ಬಾಗಿಲಲ್ಲೇ ಕೈ ಹಿಡಿದು ನೇರ ಅಡುಗೆಮನೆಗೆ ಕರೆದುಕೊಂಡು ಹೋದರು. ಮೊದಲು ತೋರಿಸಿದ್ದು ಅಂಗಳದ ಬಾವಿ. ಬಾವಿ ಅಂದರೆ ಮನೆಯ ಕೆಳಗೆ ಕಲ್ಲಿನಲ್ಲಿ ಕೊರೆದ ತೊಟ್ಟಿ. ಚಾವಣಿಯ ಮಳೆನೀರೆಲ್ಲ ಅದಕ್ಕಿಳಿಯುತ್ತದೆ. ಮಾಲ್ಟಾದಲ್ಲಿ ನದಿಯಿಲ್ಲ, ಕೆರೆಯಿಲ್ಲ. ನಲ್ಲಿ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಮುದ್ರದ ಉಪ್ಪುನೀರನ್ನೇ ಶುದ್ಧ ಮಾಡಿ ಬಿಡುವಂಥದ್ದು. ಬಟ್ಟೆ, ಪಾತ್ರೆಗೆ ಅದು ಸಾಕು, ಕಾಫಿಗೆ ಮಾತ್ರ ಬಾವಿಯ ಮಳೆನೀರೇ ಆಗಬೇಕು ಅಂದರು. ನೀರು ಕೆಟ್ಟರೆ ಕಾಫಿ ಕೆಟ್ಟಿತು ಅನ್ನೋ ಮಾತು ನಮ್ಮಮ್ಮನ ಬಾಯಲ್ಲೂ ಕೇಳಿದ್ದೇನೆ.

ಒಲೆಯ ಮೇಲೆ ಉದ್ದ ಹಿಡಿಯ ಎನಾಮೆಲ್ ಪಾತ್ರೆ, ಅಂಚಿನಲ್ಲಿ ಬಣ್ಣ ಚಕ್ಕೆ ಎದ್ದಿತ್ತು. ನೀರು ಬೆಚ್ಚಗಾಗುವಷ್ಟರಲ್ಲಿ ಅವರು ಒಂದು ಚಿಕ್ಕ ಕಲ್ಲಿನಲ್ಲಿ ಲವಂಗ, ಆನಿಸ್ ಕುಟ್ಟಿದರು. ಪುಡಿಯಾಗುವಷ್ಟಲ್ಲ, ಒಡೆಯುವಷ್ಟು. ಆಮೇಲೆ ಕಾಫಿಪುಡಿ, ಅದರ ಮೇಲೆ ಚಿಕೋರಿ. ಚಿಕೋರಿಯನ್ನು ಬೇರೆ ಡಬ್ಬಿಯಲ್ಲೇ ಇಟ್ಟಿದ್ದರು. ಎಷ್ಟು ಹಾಕುತ್ತಾರೆ ಅಂತ ಕಣ್ಣಿಟ್ಟು ನೋಡಿದೆ. ನಾಲ್ಕು ಚಮಚ ಕಾಫಿಗೆ ಒಂದು ಚಮಚ ಚಿಕೋರಿ. ನಮ್ಮ ಮನೆಯ 80-20! ಇವರ ಕಡೆ ತಿರುಗಿ ನೋಡಿದೆ, ಇವರೂ ಲೆಕ್ಕ ಹಾಕಿದ್ದರು.

ಉಕ್ಕು ಬಂದ ತಕ್ಷಣ ಪಾತ್ರೆ ಎತ್ತಿದರು. ನೊರೆ ಇಳಿದ ಮೇಲೆ ಮತ್ತೆ ಇಟ್ಟರು. ಹೀಗೆ ಮೂರು ಸಲ. ಕೊನೆಗೆ ಒಂದು ಚಮಚ ತಣ್ಣೀರು ಚಿಮುಕಿಸಿದರು, ಗಸಿ ತಳಕ್ಕೆ ಕೂರಲಿ ಅಂತ. ಸಣ್ಣ ಬಾಟಲಿಯಿಂದ ಕಿತ್ತಳೆ ಹೂವಿನ ನೀರು ಎರಡು ಹನಿ. ಅದನ್ನು ಎಲ್ಲರೂ ಹಾಕುವುದಿಲ್ಲ, ನಮ್ಮತ್ತೆ ಹಾಕುತ್ತಿದ್ದರು, ನಾನೂ ಹಾಕುತ್ತೇನೆ ಅಂದರು.

ಗಾಜಿನ ಲೋಟಕ್ಕೆ ಬಗ್ಗಿಸಿದರು. ಹಾಲಿಲ್ಲ.

ಮೊದಲು ಬಂದಿದ್ದು ಹೂವಿನ ಪರಿಮಳ, ಮೂಗಿಗಷ್ಟೇ. ಬಾಯಿಗೆ ಹೋದಾಗ ಆನಿಸ್‌ನ ತಂಪು ಸಿಹಿ. ಲವಂಗ ಗಂಟಲಲ್ಲಿ. ಇದೆಲ್ಲ ಇಳಿದು ಹೋದ ಮೇಲೆ, ನಾಲಗೆಯ ಹಿಂಭಾಗದಲ್ಲಿ, ನನಗೆ ಚೆನ್ನಾಗಿ ಗೊತ್ತಿರುವ ಆ ಕಹಿ. ಚಿಕೋರಿಯ ಕಹಿ. ಅದು ಹಾಗೇ ನಿಂತಿತು. ಏನೂ ಮಾತಾಡದೆ ಲೋಟ ಖಾಲಿ ಮಾಡಿದೆ. ಅವರು ಕೇಳದೇ ಇನ್ನೊಮ್ಮೆ ತುಂಬಿಸಿದರು. ಜೊತೆಗೆ ಗಟ್ಟಿ ಬಿಸ್ಕತ್ತು, ಕುರಿ ಹಾಲಿನ ಪುಟ್ಟ ಚೀಸ್.

ಹಾಲು ಯಾಕೆ ಹಾಕುವುದಿಲ್ಲ ಅಂತ ಕೇಳಿದೆ. ಲವಂಗಕ್ಕೂ ಹಾಲಿಗೂ ಆಗಿಬರುವುದಿಲ್ಲ ಅಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ ತಮ್ಮ ತಾಯಿ ಹೇಳುತ್ತಿದ್ದ ಯುದ್ಧಕಾಲದ ಮಾತು ತೆಗೆದರು. 1940ರಿಂದ 1942ರವರೆಗೆ ಇಟಲಿ ಮತ್ತು ಜರ್ಮನಿಯ ವಿಮಾನಗಳು ಮಾಲ್ಟಾದ ಮೇಲೆ ಬಾಂಬು ಸುರಿಯುತ್ತಿದ್ದವು. ಹಡಗು ಬರುತ್ತಿರಲಿಲ್ಲ. ಹಿಟ್ಟಿಲ್ಲ, ಸೀಮೆಎಣ್ಣೆ ಇಲ್ಲ, ಜನ ವಿಕ್ಟರಿ ಕಿಚನ್ ಅನ್ನೋ ಸರ್ಕಾರದ ಗಂಜಿಕೇಂದ್ರಗಳ ಮುಂದೆ ಪಾತ್ರೆ ಹಿಡಿದು ನಿಲ್ಲುತ್ತಿದ್ದರು. 1942ರ ಆಗಸ್ಟಿನಲ್ಲಿ ಹದಿನಾಲ್ಕು ಸರಕು ಹಡಗುಗಳು ಹೊರಟು ಐದೇ ಐದು ಬಂದು ಸೇರಿದವು. ಕೊನೆಯದು ಎಣ್ಣೆ ಹಡಗು ಒಹಾಯೊ, ಮುಳುಗುವ ಸ್ಥಿತಿಯಲ್ಲಿದ್ದದ್ದನ್ನು ಎರಡೂ ಪಕ್ಕ ಬೇರೆ ಹಡಗು ಕಟ್ಟಿ ಬಂದರಿಗೆ ತಂದರು. ಆಗಸ್ಟ್ 15, ಮೇರಿ ಮಾತೆಯ ಹಬ್ಬದ ದಿನ. ಇವತ್ತಿಗೂ ಆ ಹಡಗುಗಳ ಸಾಲನ್ನು ಸಾಂತಾ ಮರೀಯಾ ಕಾನ್ವಾಯ್ ಅಂತಲೇ ಕರೆಯುತ್ತಾರೆ.

“ಆಗ ಒಂದು ಚಮಚ ಕಾಫಿಪುಡಿ ಸಿಕ್ಕಿದ್ರೆ ನಮ್ಮಮ್ಮ ಅದನ್ನೇ ಮತ್ತೆ ಮತ್ತೆ ಕುದಿಸ್ತಿದ್ರಂತೆ. ರುಚಿ ಇಲ್ಲದಾಗ ಲವಂಗ ಒಂದು ಜಾಸ್ತಿ,” ಅಂದರು.

ಪುಟ್ಟಿ ಅವರ ಪಕ್ಕ ಕೂತು ಚಮಚದ ಲೆಕ್ಕ ಬರೆದುಕೊಂಡಳು. ನಾವು ಊರಿಂದ ತಂದಿದ್ದ ಫಿಲ್ಟರ್ ಕಾಫಿಪುಡಿಯ ಒಂದು ಪ್ಯಾಕೆಟ್ ಅವರಿಗೆ ಕೊಟ್ಟೆ. ಒಡೆದು ಮೂಸಿ ನೋಡಿ ಚಿಕೋರಿ ಇದೆ ಅಂತ ತಾವೇ ಹೇಳಿದರು.

ಮಂಗಳವಾರ, ಪುಟ್ಟಿಯ ಮನೆ

ಹೊರಡುವ ದಿನ. ಬೆಳಿಗ್ಗೆಯೇ ಮಾರ್ಸಶ್ಲೋಕ್‌ನ ಪೊಟ್ಟಣ ಒಡೆದು ಗೋಜೊದ ಕ್ರಮದಲ್ಲಿ ಮಾಡಿದೆವು. ನಲ್ಲಿ ನೀರು ಬೇಡ ಅಂತ ಬಾಟಲಿ ನೀರು. ಮೊದಲ ಉಕ್ಕಿಗೇ ಅಡುಗೆಮನೆ ಪರಿಮಳ ಹಿಡಿಯಿತು. ಪಕ್ಕದ ರೂಮಿನ ಮಲಯಾಳಿ ಹುಡುಗಿ ಎದ್ದು ಬಂದಳು. ಇವರಿಗೆ ಹಾಗೇ ಕರಿಯದ್ದೇ ಇಷ್ಟವಾಯಿತು. ನಾನು ಒಂದು ಲೋಟಕ್ಕೆ ಬಿಸಿ ಹಾಲು ಹಾಕಿ ನೋಡಿದೆ. ಗೋಜೊದ ತಾಯಿ ಹೇಳಿದ್ದು ನಿಜ, ಲವಂಗ ಮೇಲೆದ್ದು ಕಾಫಿಯನ್ನು ಮುಚ್ಚಿಬಿಡುತ್ತದೆ. ಮತ್ತೊಂದು ಲೋಟಕ್ಕೆ ಬಿರ್ಗುವಿನಲ್ಲಿ ನೋಡಿದ ಡಬ್ಬಿ ಹಾಲು ಒಂದು ಚಮಚ ಬಿಟ್ಟೆ. ಅದು ಚೆನ್ನಾಗಿಯೇ ಇತ್ತು. ಬತ್ತಿದ ಹಾಲಿನ ಸಿಹಿ ಲವಂಗವನ್ನು ತಣಿಸುತ್ತದೆ, ಚಿಕೋರಿಯನ್ನು ಉಳಿಸುತ್ತದೆ. ಮಾಲ್ಟಾದವರು ಒಪ್ಪುತ್ತಾರೋ ಇಲ್ಲವೋ, ನನಗೆ ಒಪ್ಪಿಗೆ.

ಮಾಲ್ಟಾಕ್ಕೆ ಹೋಗುವವರು ಇದ್ದರೆ ಇಷ್ಟು ಹೇಳುತ್ತೇನೆ. ಕಫೆ ಮ್ಸಯ್ಯರ್ ಪೊಟ್ಟಣ ಭಾನುವಾರದ ಸಂತೆಯಲ್ಲಿ, ಜೇನು ಮಾರುವವರ ಹತ್ತಿರ ಕೇಳಿ. ಲೋಟದ ಚಹಾಕ್ಕೆ ಯಾವ ಊರಿನ ಬ್ಯಾಂಡ್ ಕ್ಲಬ್ಬಾದರೂ ಸರಿ, ಬೆಳಿಗ್ಗೆ ಹೋದರೆ ಒಳ್ಳೆಯದು. ಕುದಿಸಿದ ಕಾಫಿ ಕುಡಿಯಬೇಕಾದರೆ ಯಾರಾದರೂ ವಯಸ್ಸಾದವರನ್ನು ಮಾತಾಡಿಸಿ. ಅಲ್ಲಿನ ಜನ ಕಾಫಿ ಅಂದರೆ ಮನೆಯೊಳಗೆ ಕರೆಯುತ್ತಾರೆ. ಪುಡಿ ಊರಿಗೆ ತಂದರೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ, ನಿಮ್ಮ ಫಿಲ್ಟರಿಗೆ ಮಾತ್ರ ಹಾಕಬೇಡಿ. ಲವಂಗದ ವಾಸನೆ ಫಿಲ್ಟರಿನ ತೂತಿಗೆ ಹಿಡಿದರೆ ಬೇಗ ಬಿಡುವುದಿಲ್ಲ.